ಬಗ್ಗಿದ ಪ್ರಭುವಿಗೆ ಬೊಂಬು ಕಟ್ಟಿದ ಸಾರುವೆಯಣ್ಣ

ಬೆಳಕು ಇನ್ನೂ ಹರಿದಿಲ್ಲ. ಚರ್ಚಿನ ಹಿಂಬದಿಯ ಸಿಮೆಂಟು ತೊಟ್ಟಿಯ ಮುಂದೆ ಸಾರುವೆಯಣ್ಣ ಕುಕ್ಕರಗಾಲಲ್ಲಿ ಕೂತಿದ್ದಾರೆ. ರಾತ್ರಿಯಿಡೀ ನೆನೆದ ಹಗ್ಗದ ಸುರುಳಿಗಳನ್ನು ಒಂದೊಂದಾಗಿ ಮೇಲೆತ್ತುತ್ತಾರೆ, ಹೆಬ್ಬೆರಳಿನಲ್ಲಿ ಹಿಸುಕುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಒಂದು ಸುರುಳಿ ಯಾಕೋ ಹಿಡಿಸುವುದಿಲ್ಲ. ಅದು ಗೋಡೆಯ ಬುಡಕ್ಕೆ ಹೋಗಿ ಬೀಳುತ್ತದೆ.

"ಕೊಳೆತ ಹಗ್ಗ ಮೊದ್ಲು ಮೂಗಿಗೆ ಹೇಳುತ್ತೆ, ಆಮೇಲೆ ಕೈಗೆ. ಕಣ್ಣಿಗೆ ಹೇಳೋ ಹೊತ್ತಿಗೆ ಆಗೋದೆಲ್ಲ ಆಗಿರುತ್ತೆ" ಎನ್ನುತ್ತಾರೆ.

ಇವತ್ತಿನ ಕೆಲಸ ಗಂಟೆಗೋಪುರದ್ದು. ಗೋಪುರದ ಒಂದು ಮೂಲೆ ಸೋರುತ್ತಿದೆ. ಗಾರೆಯವರು ಅಲ್ಲಿಗೆ ಕೈ ಹಾಕುವ ಮೊದಲು ಅಲ್ಲಿಯವರೆಗೆ ದಾರಿ ಆಗಬೇಕು. ಆ ದಾರಿಯೇ ಸಾರುವೆ: ಬೊಂಬು ನಿಲ್ಲಿಸಿ, ಅಡ್ಡ ಕಟ್ಟಿ, ಹಲಗೆ ಹಾಸಿ, ಗಾಳಿಯಲ್ಲಿ ಮಾಡುವ ನೆಲ. ಒದ್ದೆ ಹಗ್ಗದ ಗಂಟು ಬಿಸಿಲೇರಿದಂತೆ ಒಣಗಿ, ಕುಗ್ಗಿ, ಬೊಂಬನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೇ ಈ ಮುಂಜಾನೆಯ ಆತುರ. ಅರವತ್ತು ದಾಟಿದ ಸಣಕಲು ಮೈ, ಕತ್ತಿಗೆ ಸುತ್ತಿದ ಟವೆಲ್. ಬೊಂಬು ಹಿಡಿದು ಹಿಡಿದು ಕಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮುನಿಸಿಕೊಂಡಂತೆ ದೂರ ನಿಂತಿದೆ. ದಿನಕ್ಕೆ ಸುಮಾರು ಇನ್ನೂರು ಗಂಟು ಬೀಳುತ್ತವೆ. ಕೆಲಸ ಮುಗಿದ ದಿನ ಅಷ್ಟನ್ನೂ ಅವರೇ ಬಿಚ್ಚಬೇಕು.

"ನನ್ನ ಕೆಲಸ ಚೆನ್ನಾಗಾಯ್ತು ಅಂದ್ರೆ ನಾನು ಬಂದಿದ್ದೇ ಯಾರಿಗೂ ಗೊತ್ತಾಗಬಾರದು. ಕಳ್ಳನ ಕೆಲಸಾನೂ ಹಾಗೇ ತಾನೇ? ನಾವು ಹೇಳಿ ಬರ್ತೀವಿ, ಅವನು ಹೇಳದೆ ಬರ್ತಾನೆ. ಅಷ್ಟೇ."

ಗೊತ್ತಾಗಿಯೂ ಇಲ್ಲ. ಈ ಚರ್ಚಿನ ಬಾಗಿಲ ಪಕ್ಕ ಒಂದು ಕಲ್ಲಿನ ಫಲಕವಿದೆ. ಅಡಿಗಲ್ಲು ಇಟ್ಟವರ ಹೆಸರಿದೆ, ಆಶೀರ್ವದಿಸಿದವರ ಹೆಸರಿದೆ, ದಾನಿಗಳ ಹೆಸರಿದೆ, ದಾನಿಗಳ ತೀರಿಹೋದ ತಾಯಂದಿರ ಹೆಸರಿದೆ. ಆ ಕಲ್ಲು ಕೊಟ್ಟ ಅಂಗಡಿಯ ಹೆಸರು ಕೂಡ ಮೂಲೆಯಲ್ಲಿ ಚಿಕ್ಕದಾಗಿ ಕೂತಿದೆ. ಗೋಡೆ ಎತ್ತಿದ ಒಂದೇ ಒಂದು ಕೈಯ ಹೆಸರು ಇಲ್ಲ. ಬಡಗಿಯ ಮನೆಯಲ್ಲಿ ಬೆಳೆದವನ ಆಲಯದಲ್ಲೇ ಬಡಗಿಗೆ ಜಾಗವಿಲ್ಲ ಅಂದಮೇಲೆ ಬೇರೆಡೆ ಯಾರನ್ನು ಕೇಳುವುದು? ಸಾರುವೆಯಣ್ಣನಿಗೆ ಈ ಸಿಟ್ಟು ಹತ್ತುವುದಿಲ್ಲ. "ನಾನು ಕೆಲಸ ಮಾಡೋ ಎತ್ತರದಲ್ಲಿ ಹೆಸರು ಕೆತ್ತಬೇಕು ಅಂದ್ರೆ ಅದಕ್ಕೂ ಸಾರುವೆ ಬೇಕು. ಮತ್ತೆ ನಾನೇ ಕಟ್ಟಬೇಕು. ಬೇಡಪ್ಪಾ" ಎಂದು ನಗುತ್ತಾರೆ.

ಕಸುಬು ಕಲಿಸಿದ್ದು ಅಪ್ಪ, ಅದೂ ಮಲಗಿದಲ್ಲಿಂದ. ಅಪ್ಪ ಸುಣ್ಣ ಬಳಿಯುವವರು. ಎರಡು ಬೊಂಬು ಉಳಿಸಲು ಹೋದ ಮೇಸ್ತ್ರಿಯ ಸಾರುವೆಯಿಂದ ಬಿದ್ದವರು ಮತ್ತೆ ಎದ್ದು ನಡೆಯಲಿಲ್ಲ. ಮೇಸ್ತ್ರಿ ಆ ಹಲಗೆಗಳ ಮೇಲೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಮಲಗಿದ ಅಪ್ಪ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಂಚದ ಕಾಲಿಗೆ ಹಗ್ಗ ಸುತ್ತಿಸಿ, ಗಂಟು ಹಾಕಿಸಿ, ಎಳೆದು ನೋಡಿ, "ಬಿಚ್ಚು, ಮತ್ತೆ ಹಾಕು" ಅನ್ನುತ್ತಿದ್ದರು. ಆ ಮಂಚದಿಂದ ಎದ್ದು ಬಂದ ಒಂದು ಕಟ್ಟಳೆಯನ್ನು ಸಾರುವೆಯಣ್ಣ ಇಂದಿಗೂ ಮುರಿದಿಲ್ಲ. ಸಾರುವೆ ಕಟ್ಟಿ ಮುಗಿದಮೇಲೆ ಅದನ್ನು ಮೊದಲು ಹತ್ತಬೇಕಾದವರು ಕೂಲಿಯವರಲ್ಲ, ಕೆಲಸ ಹೇಳಿದವರು. ಯಾರೇ ಆಗಲಿ. ಒಬ್ಬ ಎಂಜಿನಿಯರ್ ಕಣ್ಣು ಮುಚ್ಚಿ ಹತ್ತಿ, ಕಣ್ಣು ಮುಚ್ಚಿಯೇ ಇಳಿದರಂತೆ. ಒಲ್ಲೆ ಅಂದವರ ಕೆಲಸವನ್ನು ಇವರೂ ಒಲ್ಲೆ ಅಂದಿದ್ದಾರೆ. ಆ ವಾರ ಮನೆಯಲ್ಲಿ ಒಲೆ ಸಣ್ಣಗೆ ಉರಿದಿದೆ, ಆದರೆ ಇವರ ಹಲಗೆಯಿಂದ ಯಾರೂ ಬಿದ್ದಿಲ್ಲ.

ಹೋದ ವರ್ಷ, ಇದೇ ಚರ್ಚಿನ ಒಳಗೋಡೆಗೆ ಚಿತ್ರ ಬರೆಯಲು ಸಾರುವೆ ಕಟ್ಟಿಸಿ, ಹೀಗೆ ಮೊದಲು ಹತ್ತಿದವರು ಬಣ್ಣದಕ್ಕ.

ಬಣ್ಣದಕ್ಕ ಇದೇ ಸಭೆಯ ಮಗಳು. ಭಾನುವಾರದ ಪಾಠಶಾಲೆಯಲ್ಲಿ ಪ್ರಾರ್ಥನೆ ಪುಸ್ತಕದ ಅಂಚಿನಲ್ಲಿ ಕುರಿ ಬರೆದು ಬೈಸಿಕೊಂಡವರು. ಈಗ ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಅವರ ಚಿತ್ರಗಳು ತೂಗುತ್ತವೆ. "ಗ್ಯಾಲರಿಯವರು ನನ್ನ ಚಿತ್ರ ನೋಡಿ, ಇನ್ನೂ ದೇವರಾ ಅಂತ ಮೂಗು ಮುರೀತಾರೆ. ಚರ್ಚಿನವರು ನೋಡಿ, ಇದೂ ದೇವರಾ ಅಂತ ಹುಬ್ಬು ಗಂಟಿಕ್ತಾರೆ. ನನಗೆ ಕೂರೋಕೆ ಜಾಗ ಇರೋದು ಇವರ ಹಲಗೆ ಮೇಲೆ ಮಾತ್ರ" ಎಂದು ಸಾರುವೆಯಣ್ಣನ ಕಡೆ ಕೈ ತೋರಿಸುತ್ತಾರೆ.

ಬಲಿಪೀಠದ ಹಿಂದಿನ ಗೋಡೆಗೆ ಚಿತ್ರ ಬೇಕೆಂದು ಕೇಳಿದ್ದು ಚರ್ಚೇ. ಶಿಷ್ಯರ ಕಾಲು ತೊಳೆಯುವ ಯೇಸು ಎಂದು ವಿಷಯ ಕೊಟ್ಟಿದ್ದೂ ಪಾಲನಾ ಸಮಿತಿಯೇ. ಅವರ ಮನಸ್ಸಿನಲ್ಲಿದ್ದದ್ದು ಗೋಡೆಯ ಕ್ಯಾಲೆಂಡರಿನ ಯೇಸು: ಬಾಚಿದ ಕೂದಲು, ನೀಲಿ ಕಣ್ಣು, ಒಗೆದು ಇಸ್ತ್ರಿ ಮಾಡಿದ ನಿಲುವಂಗಿ. ಬೋಗುಣಿ ಪಕ್ಕದಲ್ಲಿ ಇರುತ್ತದೆ, ಆದರೆ ನೀರು ಅವನಿಗೆ ತಾಗುವುದಿಲ್ಲ. ಬಣ್ಣದಕ್ಕ ಬರೆದ ಯೇಸು ನಿಜವಾಗಿಯೂ ಕಾಲು ತೊಳೆಯುತ್ತಿದ್ದ. ಮಂಡಿಯೂರಿ ಬೋಗುಣಿಯ ಮೇಲೆ ಬಗ್ಗಿದ್ದ, ತೋಳು ಒದ್ದೆಯಾಗಿತ್ತು, ಬೆನ್ನಿಗೆ ಬಟ್ಟೆ ಅಂಟಿತ್ತು. ಬಿರುಕುಬಿಟ್ಟ ಹಿಮ್ಮಡಿಗಳು ಸಾಲಾಗಿ ಕಾಯುತ್ತಿದ್ದವು. ಬಗ್ಗಿದವನ ಮುಖ ಕಾಣುವುದು ಹೇಗೆ? ಜನರಿಗೆ ಕಂಡದ್ದು ಬೆನ್ನು ಮತ್ತು ಕತ್ತಿನ ಹಿಂಬದಿ.

ಮೊದಲ ಭಾನುವಾರವೇ ಗದ್ದಲ. ಎದುರು ಬೆಂಚಿನ ಅಜ್ಜಿಯೊಬ್ಬರು "ಯಾಕಪ್ಪಾ ಮುಖ ತಿರುಗಿಸ್ಕೊಂಡೆ, ನಾನೇನು ಮಾಡಿದೆ?" ಎಂದು ಸೆರಗು ಬಾಯಿಗಿಟ್ಟು ಅತ್ತರು. ನಿವೃತ್ತ ಟೀಚರಮ್ಮ ಫಾದರನ್ನೇ ನಿಲ್ಲಿಸಿ ಕೇಳಿದರು: "ಜೀವಮಾನವೆಲ್ಲ ಮಕ್ಕಳಿಗೆ, ಯೇಸು ನಿಮ್ಮನ್ನ ನೋಡ್ತಿದ್ದಾನೆ ಅಂತ ಹೇಳಿಕೊಟ್ಟೆ. ಈಗ ಏನು ಹೇಳಲಿ? ಅವನಿಗೆ ಬೇರೆ ಕೆಲಸ ಇದೆ ಅಂತಲಾ?" ಹರೆಯದ ಫಾದರ್ ಒಂದು ಕೆನ್ನೆಯನ್ನು ಬಣ್ಣದಕ್ಕನಿಗೂ ಇನ್ನೊಂದನ್ನು ಸಮಿತಿಗೂ ಕೊಟ್ಟು ಸುಮ್ಮನಾದರು.

ಸಾರುವೆಯಣ್ಣ ಯಾರ ಪಕ್ಷ? "ಸುಳ್ಳು ಯಾಕೆ ಹೇಳಲಿ, ನಂಗೂ ಹಿಡಿಸ್ಲಿಲ್ಲ. ಅಷ್ಟೆತ್ತರಕ್ಕೆ ಹಲಗೆ ಹಾಸಿಕೊಟ್ಟಿದ್ದು ಬೆನ್ನು ಬರೆಯೋಕಾ ಅನಿಸ್ತು."

ಅಷ್ಟಕ್ಕೇ ಮುಗಿದಿದ್ದರೆ ಅವರು ಹಿಂದಿನ ಬೆಂಚಿನಲ್ಲಿ ಕೂತು, ಆಮೆನ್ ಅಂದು, ಮನೆಗೆ ಹೋಗುತ್ತಿದ್ದರು. ಕಿಡಿ ಹಚ್ಚಿದ್ದು ಹೆಂಡತಿ. ಆಕೆ ಮನೆಯಲ್ಲೇ ಅಂಗಿ ಹೊಲಿಯುವವರು. ಊರಿನ ಅರ್ಧ ಗಂಡಸರ ಕಾಲರಿನ ಅಳತೆ ಅವರ ಬೆರಳಲ್ಲಿದೆ. ಚರ್ಚಿನಿಂದ ಮನೆಗೆ ನಡೆಯುವಾಗ ಮೆಲ್ಲಗೆ ಕೇಳಿದರು:

"ಆ ಕತ್ತು ಯಾರದ್ದು ಗೊತ್ತಾಯ್ತಾ?"

"ಪ್ರಭುವಿಂದು."

"ನಿಮ್ಮದು ಕಣ್ರೀ."

"ಬಾಯಿಗೆ ಬಂದ ಹಾಗೆ ಮಾತಾಡಬೇಡ. ಈಗ ತಾನೇ ಪ್ರಸಾದ ತಗೊಂಡು ಬಂದಿದೀಯ."

"ಕೂದಲ ಕೆಳಗೆ ಬೆಳ್ಳಗೆ ಕಲೆ ಇದೆಯಲ್ಲ, ಅದು ಯಾರದ್ದು? ಮದುವೆಯಾದ ಹೊಸದರಲ್ಲಿ ಸುಣ್ಣ ಬಿದ್ದು ಸುಟ್ಕೊಂಡು ಬಂದಿರಲ್ಲ. ಎಣ್ಣೆ ಹಚ್ಚಿ ಹಚ್ಚಿ ನನ್ನ ಬೆರಳು ಸವೀತು. ನಿಮಗೆಲ್ಲಿ ಗೊತ್ತಾಗಬೇಕು, ನಿಮ್ಮ ಕತ್ತು ನೀವು ನೋಡಿದ್ರೆ ತಾನೇ?"

ನಿಜ. ತನ್ನ ಕತ್ತಿನ ಹಿಂಬದಿಯನ್ನು ನೋಡಿಕೊಂಡವರು ಯಾರಿದ್ದಾರೆ? ಮರುದಿನ ಸಾರುವೆಯಣ್ಣ ಕ್ಷೌರದಂಗಡಿಗೆ ಹೋಗಿ, ಟವೆಲ್ ತೆಗೆದು, ಹಿಂದೆ ಒಂದು ಕನ್ನಡಿ ಹಿಡಿಯಪ್ಪಾ ಅಂದರು. "ಕಟಿಂಗೂ ಇಲ್ಲ, ಶೇವಿಂಗೂ ಇಲ್ಲ. ಬೆನ್ನ ಹಿಂದೆ ಏನು ಕಳ್ಕೊಂಡಿದೀಯ?" ಎಂದು ಕ್ಷೌರಿಕ ನಗುತ್ತ ಹಿಡಿದ. ಎರಡು ಕನ್ನಡಿಗಳ ನಡುವೆ ಕಲೆ ಕಂಡಿತು. ಬೆಳ್ಳಗೆ, ಹುಣಸೆ ಬೀಜದಷ್ಟು. ಸಾರುವೆಯಣ್ಣ ಬೇಗಬೇಗ ಟವೆಲ್ ಸುತ್ತಿಕೊಂಡರು.

ಆಮೇಲಿನ ದಿನಗಳನ್ನು ಅವರು ಈಗಲೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. "ಮಂಡಿಯೂರಿದ್ರೆ ಎದುರಿಗೆ ನನ್ನದೇ ಕತ್ತು. ನನಗೆ ನಾನೇ ಕೈಮುಗಿದ ಹಾಗೆ. ಸುತ್ತ ನೋಡಿದ್ರೆ ಊರೆಲ್ಲ ಅದಕ್ಕೆ ಕೈಮುಗೀತಿದೆ. ಪ್ರಾರ್ಥನೆ ಬಾಯಿಗೆ ಬರ್ತಾನೇ ಇರ್ಲಿಲ್ಲ. ನಾನೇನು ಸಂತನಾ? ಕೋಪ ಬಂದ್ರೆ ನನ್ನ ಬಾಯಲ್ಲಿ ಏನೇನು ಬರುತ್ತೆ ಅಂತ ನನ್ನ ಹೆಂಡ್ತೀನ ಕೇಳಿ." ಒಳಗೆ ಕೂರುವುದು ಬಿಟ್ಟು ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ ನಿಂತು ಪೂಜೆ ಕೇಳತೊಡಗಿದರು. ಯಾರಿಗಾದರೂ ಹೇಳೋಣವೆಂದರೆ ಬಣ್ಣದಕ್ಕನಿಗೆ ಪೆಟ್ಟು ಬೀಳುತ್ತದೆಂಬ ಭಯ. ಬಾಲ್ಯದಿಂದ ತಪ್ಪದ ಪ್ರಾರ್ಥನೆ ತಪ್ಪಿಹೋಯಿತು.

ಹೀಗಿರುವಾಗ ಸಮಿತಿಯ ತೀರ್ಮಾನ ಬಂತು: ಚಿತ್ರದ ಮೇಲೆ ಸುಣ್ಣ ಬಳಿಯುವುದು. ಸಾರುವೆ ಕಟ್ಟಲು ಮತ್ತೆ ಸಾರುವೆಯಣ್ಣ. ಚಿತ್ರಕ್ಕೆ ನೆಲ ಹಾಸಿಕೊಟ್ಟವರೇ ಅದರ ಸಮಾಧಿಗೂ ನೆಲ ಹಾಸಬೇಕು. ಕೂಲಿಯವನ ಕೈಯಲ್ಲೇ ಎರಡನ್ನೂ ಮಾಡಿಸುವ ಈ ಜಾಣತನ ಚರ್ಚಿನ ಸಮಿತಿಗೊಂದಕ್ಕೇ ಗೊತ್ತಿರುವುದೇನಲ್ಲ.

ಆದರೆ ಸಾರುವೆಯಣ್ಣನಿಗೆ ಆದದ್ದು ನಿರಾಳ. ಸುಣ್ಣ ಬಿದ್ದರೆ ಕತ್ತು ಹೋಗುತ್ತದೆ, ಪ್ರಾರ್ಥನೆ ಬರುತ್ತದೆ. ಹಗ್ಗ ನೆನೆಹಾಕಲು ಹೊರಟವರನ್ನು ಹೆಂಡತಿ ಬಾಗಿಲಲ್ಲಿ ತಡೆದರು.

"ನಾನು ಎಣ್ಣೆ ಹಚ್ಚಿದ ಕತ್ತಿಗೆ ಸುಣ್ಣ ಬಳಿಸ್ತೀರಾ?"

"ಅದು ಅಲ್ಲಿರಬಾರದು ಕಣೇ."

"ಯಾಕಿರಬಾರದು? ನಿಮ್ಮ ಕತ್ತು ಬಗ್ಗದೆ ಈ ಮನೇಲಿ ಯಾರ ಹೊಟ್ಟೆ ತುಂಬಿದೆ? ಹೋಗಿ, ಕಟ್ಟಿ. ಬಂದಮೇಲೆ ನನ್ನ ಕೈ ಅಡುಗೆ ಕೇಳಬೇಡಿ."

ಉಪವಾಸಕ್ಕೆ ಸಿದ್ಧರಾಗಿಯೇ ಹೋಗಿ ಕಟ್ಟಿದರು. ಸುಣ್ಣದ ಬಕೆಟ್‌ಗಳು ಬಂದವು, ಬಳಿಯುವವರೂ ಬಂದರು. ಎಂದಿನಂತೆ ಸಾರುವೆಯಣ್ಣ ಏಣಿಯ ಬುಡದಲ್ಲಿ ನಿಂತು, ಹೇಳಿದವರು ಮೊದಲು ಹತ್ತಲಿ ಅಂದರು. ಹೇಳಿದವರೆಂದರೆ ಸಮಿತಿಯ ಅಧ್ಯಕ್ಷರು, ಎಪ್ಪತ್ತರ ಹತ್ತಿರದ ಹಾರ್ಡ್‌ವೇರ್ ಅಂಗಡಿ ಯಜಮಾನರು. "ನನ್ನ ವಯಸ್ಸಿಗೆ ಇದೊಂದು ಬಾಕಿ ಇತ್ತು" ಎಂದು ಗೊಣಗಿದರೂ ಚಪ್ಪಲಿ ಬಿಟ್ಟು ಹತ್ತಿದರು. ಸಾರುವೆಯಣ್ಣ ಬೆನ್ನಿಗೇ ಹತ್ತಿದರು, ಕಾಲು ಜಾರಿದರೆ ಹಿಡಿಯಲು.

ಹಲಗೆಯ ಮೇಲೆ ನಿಂತರೆ ಚಿತ್ರದ ಕತ್ತು ಕಣ್ಣಿನ ನೇರಕ್ಕೆ ಬರುತ್ತದೆ. ಯಜಮಾನರು ಕನ್ನಡಕ ಸರಿಮಾಡಿಕೊಂಡರು. ಬೊಂಬು ಹಿಡಿದು ಹಾಗೇ ಹಲಗೆಯ ಮೇಲೆ ಕೂತುಬಿಟ್ಟರು.

"ತಲೆ ಸುತ್ತಾ ಯಜಮಾನ್ರೇ?"

"ಇಲ್ಲ. ಈ ಬಿಳಿ ಕಲೆ ಕೆಳಗಿಂದ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ." ಕಲೆಯ ಹತ್ತಿರ ಬೆರಳು ಒಯ್ದರು. "ನಮ್ಮಪ್ಪ ಕೈಗಾಡಿ ಎಳೀತಿದ್ರು ಕಣಯ್ಯ. ಮೂಟೆಗಳ ಮೇಲೆ ನನ್ನ ಕೂರಿಸ್ಕೊಳ್ಳೋರು. ಬೆಳಗಿಂದ ಸಂಜೆವರೆಗೆ ನನಗೆ ಕಾಣ್ತಿದ್ದಿದ್ದು ಇದೇ. ಎಳೆಯೋ ಪಟ್ಟಿ ಉಜ್ಜಿ ಉಜ್ಜಿ, ಇಲ್ಲೇ, ಇಷ್ಟೇ ಬೆಳ್ಳಗಾಗಿತ್ತು. ಅವರ ಮುಖ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೋದೇ ಇಲ್ಲ. ಕತ್ತು ಬರುತ್ತೆ."

ದುಡಿಯುವವರ ಮಕ್ಕಳು ಅಪ್ಪ ಅಮ್ಮನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿ ಬೆಳೆದಿರುತ್ತಾರೆ. ಒಲೆಯ ಮುಂದೆ ಬಗ್ಗಿದ ಬೆನ್ನು, ಒಗೆಯುವ ಕಲ್ಲಿನ ಮುಂದೆ ಬಗ್ಗಿದ ಬೆನ್ನು. ಎದುರು ಕೂತು ಮುಖ ತೋರಿಸುವಷ್ಟು ಬಿಡುವು ಯಾರು ಕೊಟ್ಟಿದ್ದರು ಅವರಿಗೆ? ಅಂಗಡಿ ಹಾಕಿ, ಕುರ್ಚಿಯಲ್ಲಿ ಕೂತು, ಯಜಮಾನರಾದ ಮೇಲೆ ಆ ಬೆನ್ನು ಮರೆತುಹೋಗುತ್ತದೆ. ಅದನ್ನು ಯಾರಾದರೂ ಬಲಿಪೀಠದ ಹಿಂದೆ ಬರೆದಿಟ್ಟರೆ ಗುರುತೇ ಸಿಗುವುದಿಲ್ಲ.

ಸಾರುವೆಯಣ್ಣನಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ತಪ್ಪು ತಿಳೀಬೇಡಿ. ಅದು ನನ್ನ ಕತ್ತು."

"ಏನಂದೆ?"

"ನನ್ನ ಹೆಂಡ್ತಿ ಹೇಳ್ತಾಳೆ. ಅದಕ್ಕೇ ನಾನು ಬಾಗಿಲಾಚೆ ನಿಂತ್ಕೊಳ್ಳೋದು. ಬಳಿಸಿಬಿಡಿ, ನಿಮ್ಮ ದಮ್ಮಯ್ಯ."

"ತಿರುಗು. ಟವೆಲ್ ತೆಗಿ. ಬಗ್ಗು."

ಹಲಗೆಯ ಮೇಲೆ ಒಬ್ಬರು ಬಗ್ಗಿ ನಿಂತರು, ಇನ್ನೊಬ್ಬರು ಕನ್ನಡಕ ಏರಿಸಿ ಗೋಡೆಯ ಕತ್ತನ್ನೂ ಮನುಷ್ಯನ ಕತ್ತನ್ನೂ ಅಳೆದು ಅಳೆದು ನೋಡಿದರು. ಕೆಳಗಿನಿಂದ ಫಾದರ್ ಕೂಗಿದರು: "ಮೇಲೇನು ನಡೀತಿದೆ? ಯಾರಿಗಾದ್ರೂ ಹುಷಾರಿಲ್ವಾ?"

"ನಿಂದು ಎಡಕ್ಕಿದೆ" ಎಂದು ಯಜಮಾನರು ತೀರ್ಪು ಕೊಟ್ಟರು. "ಇದು ನಟ್ಟನಡುವೆ ಇದೆ. ನಮ್ಮಪ್ಪಂದೇ."

"ಬಗ್ಗಿದಾಗ ಚರ್ಮ ಸರಿಯುತ್ತಲ್ವಾ ಯಜಮಾನ್ರೇ" ಎಂದು ಸಾರುವೆಯಣ್ಣನ ಬಾಯಿಂದ ಬಂದೇಬಿಟ್ಟಿತು. ಬೇಡ ಬೇಡ ಅನ್ನುತ್ತಿದ್ದ ಕತ್ತು ಕೈತಪ್ಪುವಾಗ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚಾಯಿತಂತೆ. ಅದನ್ನು ಹೇಳಿ ಈಗ ಅವರೇ ನಗುತ್ತಾರೆ.

ವ್ಯಾಜ್ಯ ಮುಗಿಯಲೆಂದು ಯಜಮಾನರು ಅಲ್ಲಿಂದಲೇ ಬಣ್ಣದಕ್ಕನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದರು. "ಈ ಕತ್ತು ಯಾರದ್ದಮ್ಮಾ? ಸಾರುವೆಯವನದ್ದಾ?"

"ಸಾರುವೆಯಣ್ಣನ ಕತ್ತು ನಾನು ಯಾವತ್ತು ನೋಡಿದೀನಿ? ಬೆಳಗಿಂದ ಸಂಜೆವರೆಗೆ ಟವೆಲ್ ಸುತ್ತಿರ್ತಾರೆ."

"ಹಾಗಾದ್ರೆ ಬಿಳಿ ಕಲೆ?"

"ಅದಾ… ಅಲ್ಲಿ ಅಣ್ಣ ಕಟ್ಟಿದ ಅಡ್ಡಬೊಂಬಿನ ತುದಿ ಇತ್ತು. ಗೋಡೆಗೂ ಬೊಂಬಿಗೂ ನಡುವೆ ಕುಂಚ ಆಡ್ಲಿಲ್ಲ. ಎಲ್ಲ ಬಿಚ್ಚಿ ಕೆಳಗಿಳಿದ ಮೇಲೆ ನೋಡಿದ್ರೆ ಅಷ್ಟು ಜಾಗ ಬಣ್ಣ ಕಂಡಿಲ್ಲ. ಮತ್ತೆ ಕಟ್ಟಿ ಅಂತ ಹೇಳೋಕೆ ಸಂಕೋಚ ಆಯ್ತು. ಇರಲಿ ಅಂತ ಬಿಟ್ಟೆ."

ಕತ್ತು ಸಾರುವೆಯಣ್ಣನದ್ದಲ್ಲ, ಗಾಡಿಯ ಅಪ್ಪನದ್ದೂ ಅಲ್ಲ. ಸಾರುವೆಯಣ್ಣನ ಬೊಂಬು ತಾನು ನಿಂತ ಜಾಗವನ್ನು ಪ್ರಭುವಿನ ಮೈಮೇಲೆ ಹಾಗೇ ಬಿಟ್ಟುಹೋಗಿದೆ. ಇಷ್ಟು ವರ್ಷಗಳ ಕಸುಬಿನಲ್ಲಿ ಅವರು ಬಿಟ್ಟ ಒಂದೇ ಗುರುತು, ಅದೂ ತಪ್ಪಿನಿಂದ. ಅವರು ನಾಚಿಕೊಂಡು ಫೋನಿನ ಕಡೆ ಬಗ್ಗಿದರು. "ಒಂದು ಗೇಣು ಮೇಲೆ ಕಟ್ಟಬೇಕಿತ್ತು! ತಾಯಿ, ಈಗ ಸಾರುವೆ ನಿಂತಿದೆ, ಬಂದು ತುಂಬಿಬಿಡಿ. ನನ್ನ ಮರ್ಯಾದೆ ಪ್ರಶ್ನೆ."

"ಯಾರೂ ಮುಟ್ಟಬೇಡಿ" ಎಂದರು ಯಜಮಾನರು. "ಬಣ್ಣಾನೂ ಬೇಡ, ಸುಣ್ಣಾನೂ ಬೇಡ. ಅದು ಹಾಗೇ ಇರಲಿ."

ಸಮಿತಿ ಮತ್ತೆ ಸೇರಿತು, ಮತ್ತೆ ಕೂಗಾಡಿತು. ಅಲ್ಪ ಬಹುಮತದಲ್ಲಿ ಚಿತ್ರ ಉಳಿಯಿತು. ಬಕೆಟ್‌ಗಳ ಸುಣ್ಣ ಕಾಂಪೌಂಡ್ ಗೋಡೆಗೆ ಹೋಯಿತು. ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ಟೀಚರಮ್ಮ ಇಂದಿಗೂ ಒಪ್ಪಿಲ್ಲ, ಪೂಜೆಯ ಹೊತ್ತಿನಲ್ಲಿ ಪಕ್ಕದ ಕಿಟಕಿ ನೋಡುತ್ತಾರೆ. ಅವರ ಪ್ರಶ್ನೆಗೆ ಉತ್ತರ ಕೊಟ್ಟವರೂ ಇಲ್ಲ. ಅಂದು ಅತ್ತಿದ್ದ ಅಜ್ಜಿಗೆ ಮಾತ್ರ ಯಾರೋ, ಅವನು ತೊಳೆಯುತ್ತಿರುವುದು ನಿಮ್ಮದೇ ಕಾಲು ಅಂದುಕೊಳ್ಳಿ ಎಂದರಂತೆ. "ಅಯ್ಯೋ, ಗಲೀಜು ಗಲೀಜು" ಎಂದು ಅಜ್ಜಿ ಎರಡೂ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಅಂದಿನಿಂದ ಅತ್ತಿಲ್ಲ.

ಮನೆಯಲ್ಲಿ ಹೆಂಡತಿಯದ್ದು ಬೇರೆಯೇ ನ್ಯಾಯ. ಅಡ್ಡಬೊಂಬಿನ ಕಥೆಯನ್ನು ಅವರು ನಂಬುವುದಿಲ್ಲ. "ಬಣ್ಣದಕ್ಕ ಏನಾದ್ರೂ ಹೇಳ್ಲಿ. ನಾನು ಹೊಲಿಗೆಯವಳು, ನನಗೆ ಕತ್ತು ಗೊತ್ತಿಲ್ವಾ?" ಎಂದು ಹಲ್ಲಿನಲ್ಲಿ ದಾರ ಕಡಿಯುತ್ತಾರೆ. ಸಾರುವೆಯಣ್ಣ ವಾದಕ್ಕಿಳಿಯುವುದಿಲ್ಲ. ಊಟ ಸಿಗುತ್ತಿದೆ.

ಗೋಪುರದ ಸಾರುವೆಯ ಮೊದಲ ಅಂತಸ್ತು ಎದ್ದಿದೆ. ಬಿಸಿಲು ಹಲಗೆ ಮುಟ್ಟುವ ಹೊತ್ತಿಗೆ ಒಳಗೆ ಬೆಳಗಿನ ಪೂಜೆಯ ಗಂಟೆ ಬಾರಿಸುತ್ತದೆ. ಸಾರುವೆಯಣ್ಣ ಕೈ ತೊಳೆದು, ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಎದುರಿಗೆ, ಎತ್ತರದಲ್ಲಿ, ಬಗ್ಗಿದ ಬೆನ್ನು. ಪೂಜೆ ಮುಗಿಸಿ ಹೊರಗೆ ಬಂದ ಅವರನ್ನು, ಈಗ ಪ್ರಾರ್ಥನೆ ಬರುತ್ತಾ ಎಂದು ಕೇಳಿದರೆ ಹಗ್ಗಕ್ಕೆ ಕೈ ಹಾಕುತ್ತಲೇ ಹೇಳುತ್ತಾರೆ:

"ಬರುತ್ತೆ. ಮೊದಲಾದ್ರೆ ಅದು ಕೊಡು, ಇದು ಕೊಡು ಅಂತ ಉದ್ದಕ್ಕೆ ಕೇಳ್ತಿದ್ದೆ. ಈಗ ನೋಡಿದ್ರೆ ಅವನು ಬಗ್ಗಿ ಕೆಲಸದಲ್ಲಿದಾನೆ. ಕೆಲಸದಲ್ಲಿರೋರನ್ನ ಕರೆದು ಕರೆದು ತೊಂದರೆ ಕೊಡಬಾರದು. ನಾನೂ ಬಂದಿದೀನಪ್ಪಾ ಅಂತ ಹೇಳ್ತೀನಿ, ಸ್ವಲ್ಪ ಹೊತ್ತು ಕೂತಿರ್ತೀನಿ, ಎದ್ದು ಬರ್ತೀನಿ. ನನಗೂ ಕೆಲಸ ಇರುತ್ತಲ್ಲ."